ಅಂಕಿ-ಅಂಶಗಳ ರೇಖಾಗಣಿತ: ಸಿ. ಆರ್. ರಾಯರ ಒಂದು ಪ್ರಬಂಧ

1945ರಲ್ಲಿ ಕಲ್ಕತ್ತೆಯ ಗಣಿತ ಸಂಘದ ಪತ್ರಿಕೆಯಲ್ಲಿ ಹನ್ನೊಂದು ಪುಟಗಳ ಪ್ರಬಂಧವೊಂದು ಅಚ್ಚಾಯಿತು. ಬರೆದವರು ಇಪ್ಪತ್ತೈದರ ತರುಣ ಕಲ್ಯಂಪೂಡಿ ರಾಧಾಕೃಷ್ಣ ರಾಯರು. ಇವರು 1920ನೆಯ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದರು. ಮನೆಮಾತು ತೆಲುಗು, ವಿದ್ಯಾಭ್ಯಾಸ ನಡೆದುದು ಆಂಧ್ರದ ಊರುಗಳಲ್ಲಿ. ಜನ್ಮಸ್ಥಳವೊಂದನ್ನೇ ಹಿಡಿದು ಇವರನ್ನು ಕನ್ನಡಿಗರೆಂದು ಸಾಧಿಸಹೊರಡುವುದು ಸಲ್ಲದು. ಆದರೂ ಹಡಗಲಿಯ ಹೆಸರು ಈ ಚರಿತ್ರೆಯ ಮೊದಲ ಸಾಲಿನಲ್ಲಿದೆ.

ಗಣಿತದಲ್ಲಿ ಎಂ. ಎ. ಮುಗಿಸಿ ಉದ್ಯೋಗವನ್ನರಸಿ ಕಲ್ಕತ್ತೆಗೆ ಹೋದ ರಾಯರಿಗೆ ಉದ್ಯೋಗವು ದೊರೆಯಲಿಲ್ಲ. 1941ರಲ್ಲಿ ಮಹಲನೋಬಿಸ್‌ರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. 1944ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದಾಗ, ಮುಂದೆ ಅರ್ಥಶಾಸ್ತ್ರಜ್ಞರೆಂದು ಹೆಸರಾದ ವಿ. ಎಂ. ದಾಂಡೇಕರರು ಪ್ರಶ್ನೆಯೊಂದನ್ನೆತ್ತಿದರು: ಅತಿ ದೊಡ್ಡ ಮಾದರಿಗಳಿಗೆ ಫಿಷರ್ ಹೇಳಿದ ನಿಯಮವು ಸಣ್ಣ ಮಾದರಿಗಳಿಗೂ ಹೊಂದುವುದೇ? ರಾಯರು ಆ ರಾತ್ರಿಯೇ ಕುಳಿತು ಸಾಧಿಸಿ ಮರುದಿನ ಉತ್ತರವಿತ್ತರು. ಪಕ್ಷಪಾತವಿಲ್ಲದ ಅಂದಾಜು ಎಷ್ಟೇ ಜಾಣತನದ್ದಾದರೂ ಅದರ ಏರುಪೇರು ಒಂದು ಮಿತಿಗಿಂತ ಕೆಳಗಿಳಿಯಲಾರದು ಎಂಬುದೇ ಆ ಉತ್ತರ. ಸ್ವೀಡನ್ನಿನ ಕ್ರಾಮೇರರೂ ಸ್ವತಂತ್ರವಾಗಿ ಇದನ್ನು ಕಂಡುದರಿಂದ ಅದಕ್ಕೆ ಇಬ್ಬರ ಹೆಸರೂ ಉಂಟು.

ಪ್ರಬಂಧದ ಹೆಚ್ಚು ಸ್ವಾರಸ್ಯದ ಭಾಗ ಇದಲ್ಲ. ಎರಡು ಸಂಭವನೀಯತೆಗಳ ನಡುವಣ ದೂರವನ್ನು ಅಳೆಯುವುದು ಹೇಗೆ? ಒಂದು ನಾಣ್ಯವು ನೂರಕ್ಕೆ 50 ಸಲ, ಇನ್ನೊಂದು 51 ಸಲ ತಲೆಯಾಗಿ ಬೀಳುವುದೆನ್ನೋಣ. ಬೇರೆ ಜೋಡಿಯಲ್ಲಿ ಈ ಸಂಖ್ಯೆಗಳು 1 ಮತ್ತು 2. ವ್ಯವಕಲನ ಮಾಡಿದರೆ ಎರಡೂ ಕಡೆ ಅಂತರ ಒಂದೇ. ಆದರೆ ಚಿಮ್ಮಿ ನೋಡಿ ಗುರುತಿಸಹೊರಟವನಿಗೆ ಮೊದಲ ಜೋಡಿಯಲ್ಲಿ ಎರಡನೆಯದಕ್ಕಿಂತ ಸುಮಾರು 17 ಪಟ್ಟು ಹೆಚ್ಚು ಪ್ರಯೋಗಗಳು ಬೇಕಾಗುವುವು. ರಾಯರ ಅಳತೆಗೋಲಿನಲ್ಲಿ ಎರಡನೆಯ ಜೋಡಿಯ ದೂರ ಮೊದಲನೆಯದರ ನಾಲ್ಕು ಪಟ್ಟಿಗೂ ಮಿಗಿಲು. ಎಂದರೆ ಸಂಭವನೀಯತೆಗಳ ಲೋಕವು ಸಮತಟ್ಟಾದ ಬಯಲಲ್ಲ. ಅಲ್ಲಿ ಗಜಕೋಲು ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ.

ಈ ಭಾಗವನ್ನು ಸುಮಾರು ಮೂವತ್ತು ವರ್ಷ ಬಹು ಮಂದಿ ವಿದ್ವಾಂಸರು ಓದದೆ ದಾಟಿಹೋದರೆಂದೇ ಹೇಳಬೇಕು. 1975ರಲ್ಲಿ ಅಮೆರಿಕದ ಎಫ್ರಾನ್, ಆ ಬಳಿಕ ಜಪಾನಿನ ಅಮಾರಿ ಇದನ್ನು ಮುಂದುವರಿಸಿದ ಮೇಲೆಯೇ ಅದೊಂದು ಶಾಸ್ತ್ರವಾಯಿತು. ಅಂಕಿ-ಅಂಶಗಳ ರಾಶಿಯಲ್ಲಿ ಎಷ್ಟು ತುಂಡುಗಳು, ಎಷ್ಟು ರಂಧ್ರಗಳಿವೆಯೆಂದು ಹುಡುಕುವ ಇಂದಿನ ಟೊಪಾಲಜಿಗೂ, 2009ರಲ್ಲಿ ಕಾರ್ಲ್‌ಸನ್ ವಿವರಿಸಿದಂತಹದಕ್ಕೂ, ಬಿಂದುಗಳ ನಡುವೆ ದೂರವೆಂಬುದೊಂದು ಮೊದಲು ಗೊತ್ತಾಗಿರಬೇಕು.

1946ರಲ್ಲಿ ರಾಯರು ಕೇಂಬ್ರಿಜ್‌ಗೆ ತೆರಳಿದುದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಪರಿಶೀಲಿಸಲು. ಅಲ್ಲಿಯೇ ಫಿಷರರ ಬಳಿ 1948ರಲ್ಲಿ ಡಾಕ್ಟರೇಟ್ ಪಡೆದು ಕಲ್ಕತ್ತೆಗೆ ಮರಳಿದರು. 1979ರಲ್ಲಿ ಅಮೆರಿಕಕ್ಕೆ ಹೋಗಿ ಪಿಟ್ಸ್‌ಬರ್ಗಿನಲ್ಲಿಯೂ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪನ ನಡೆಸಿದರು. ಆ ಹನ್ನೊಂದು ಪುಟಗಳಿಗಾಗಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದುದು 2023ರಲ್ಲಿ, 102ರ ಇಳಿವಯಸ್ಸಿನಲ್ಲಿ. ಅದೇ ವರ್ಷ ಆಗಸ್ಟ್ 22ರಂದು ಅವರು ತೀರಿಕೊಂಡರು.