ಕಲ್ಲಿನ ಗುಡಿಯಿಂದ ದೇಹದ ಗುಡಿಗೆ: ಬಾಗಲಕೋಟೆಯಿಂದ ಒಂದೊಂದು ದಿನದ ಎರಡು ಪಯಣಗಳು

ಸಂತ ಪೌಲನು ಅಥೆನ್ಸಿನ ಅರಿಯೊಪಾಗದಲ್ಲಿ ಮಾತನಾಡುವುದಕ್ಕೆ ಮುನ್ನ ಆ ನಗರವನ್ನು ಸುತ್ತಿ, ಅಲ್ಲಿನ ಆರಾಧನಾ ಸ್ಥಳಗಳನ್ನು ಗಮನವಿಟ್ಟು ನೋಡಿದನೆಂದು ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯ ತಿಳಿಸುತ್ತದೆ. ವಿಗ್ರಹಗಳನ್ನು ಕಂಡು ಅವನ ಮನಸ್ಸು ಕುದಿದದ್ದೂ ಅದೇ ಅಧ್ಯಾಯದಲ್ಲಿದೆ. ಆದರೂ ಅವನ ಪ್ರಬೋಧನೆ ಆರಂಭವಾದದ್ದು ತಾನು ಕಂಡ ಬಲಿಪೀಠವೊಂದರ ಬರಹದಿಂದ. ನೋಟ ಮೊದಲು, ಮಾತು ಅನಂತರ. 1965ರ ಅಕ್ಟೋಬರ್ 28ರಂದು ಪ್ರಕಟವಾದ ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ನೊಸ್ತ್ರಾ ಎತಾತೆ' ಘೋಷಣೆ ಅನ್ಯಧರ್ಮೀಯರ ಕುರಿತು ನಮ್ಮಿಂದ ಬಯಸುವ ಗೌರವವೂ ಇಂಥ ನೋಟದಿಂದಲೇ ಮೊದಲಾಗಬೇಕು. ಉತ್ತರ ಕರ್ನಾಟಕದಲ್ಲಿ ಸೇವೆಗೆ ಸಿದ್ಧರಾಗುತ್ತಿರುವ ಗುರುಮಠದ ವಿದ್ಯಾರ್ಥಿಗಳು ಅದನ್ನು ಅಭ್ಯಾಸ ಮಾಡಲು ಬಾಗಲಕೋಟೆಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಎರಡು ಪಯಣಗಳನ್ನು ಇಲ್ಲಿ ಸೂಚಿಸಲಾಗಿದೆ. ಅವುಗಳ ಕ್ರಮಕ್ಕೂ ಒಂದು ಅರ್ಥವಿದೆ.

ಮೊದಲ ದಿನ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಯಲ್ಲಿ ನಾಲ್ಕು ಪ್ರಧಾನ ಗುಹಾಲಯಗಳಿವೆ: ಮೊದಲನೆಯದು ಶಿವನದು, ಎರಡನೆಯದೂ ಮೂರನೆಯದೂ ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯದರಲ್ಲಿ ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ. ಒಂದೇ ಬಂಡೆಯ ಮೆಟ್ಟಿಲುಗಳನ್ನೇರುತ್ತ ಹಲವು ಭಕ್ತಿಗಳನ್ನು ಹಾದುಹೋಗುವ ಈ ಅನುಭವವನ್ನು ಅವಸರದಲ್ಲಿ 'ಎಲ್ಲವೂ ಒಂದೇ' ಎಂಬ ಮಾತಿಗೆ ಇಳಿಸಬಾರದು. ನಟರಾಜನ ಹದಿನೆಂಟು ಕೈಗಳ ಚಲನೆಯೂ ಬಾಹುಬಲಿಯ ನಿಶ್ಚಲತೆಯೂ ಒಂದೇ ಉತ್ತರವನ್ನು ಹೇಳುವುದಿಲ್ಲ. ಅವು ನೆರೆಹೊರೆಯಾಗಿ ನಿಂತಿವೆ, ಅಷ್ಟೆ. ಅದು ಸಣ್ಣ ಸಂಗತಿಯಲ್ಲ.

ಅಗಸ್ತ್ಯ ತೀರ್ಥದ ಸಮೀಪದ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿಯೆಂದು ಪ್ರಸಿದ್ಧವಾದ ಈ ಬರಹವು ಒಳ್ಳೆಯವರಿಗೆ ಒಳ್ಳೆಯವನೂ ಕೇಡಿಗರಿಗೆ ಕಠೋರನೂ ಆದ ವೀರನನ್ನು ಹೊಗಳುತ್ತದೆ. ಇದನ್ನು ಓದಿದ ಬಳಿಕ ಮತ್ತಾಯನ ಶುಭಸಂದೇಶದ ಪರ್ವತ ಪ್ರಬೋಧನೆಯನ್ನು ಓದಿರಿ. ಶತ್ರುವನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಆಜ್ಞೆ ಈ ನೆಲದ ವೀರಾದರ್ಶಕ್ಕೆ ಎಷ್ಟು ಅಪರಿಚಿತವಾಗಿ ಕೇಳಿಸಿರಬಹುದು ಎಂಬುದು ಆಗ ತಿಳಿಯುತ್ತದೆ. ನಮಗೂ ಅದು ಇನ್ನೂ ಅಪರಿಚಿತವೇ ಆಗಿರುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

1987ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವು ಪ್ರಧಾನವಾದುದು. ಎರಡನೆಯ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಆರಾಧನೆಯೂ ವಿಜಯೋತ್ಸವವೂ ಇಲ್ಲಿ ಬೆರೆತಿವೆ. ಕ್ರೈಸ್ತ ಜಗತ್ತಿನ ಅನೇಕ ಮಹಾದೇವಾಲಯಗಳ ವಿಷಯದಲ್ಲಿಯೂ ಇದು ನಿಜ. ಆದರೆ ಅದೇ ಅರಸನು ಕಂಚಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕೊಳ್ಳೆ ಹೊಡೆಯದೆ ದೇವರಿಗೇ ಬಿಟ್ಟುಕೊಟ್ಟನೆಂದು ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ಗೆದ್ದವನ ಸಂಯಮವನ್ನೂ ನಾವು ಗುರುತಿಸಬೇಕು. ಸಮಯವಿದ್ದರೆ ಐಹೊಳೆಯ ಮೇಗುತಿ ಬಸದಿಯನ್ನೇರಿ, ರವಿಕೀರ್ತಿಯ ಕ್ರಿ.ಶ. 634ರ ಶಾಸನವನ್ನು ನೋಡಿ ಮರಳಬಹುದು.

ಎರಡನೆಯ ದಿನ ಹುನಗುಂದದ ಕಡೆಗೆ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮವು 12ನೇ ಶತಮಾನದ ಬಸವಣ್ಣನವರ ವಿದ್ಯಾಭೂಮಿ, ಐಕ್ಯಭೂಮಿ, ಅವರ ವಚನಗಳ ಅಂಕಿತ. ಹಿಂದಿನ ದಿನ ಕಂಡ ಕಲ್ಲಿನ ವೈಭವಕ್ಕೆ ಇಲ್ಲಿ ಉತ್ತರವಿದೆ: ಬಡವನ ದೇಹವೇ ದೇವಾಲಯ, ನಿಂತದ್ದಕ್ಕಿಂತ ನಡೆಯುವುದು ಹಿರಿದು ಎಂಬ ವಿಚಾರ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 6ನೇ ಅಧ್ಯಾಯ ನಮಗೆ ಕೂಡಲೇ ನೆನಪಾಗುತ್ತದೆ. ಸಾಮ್ಯವು ಸಂತೋಷದ ವಿಷಯವಾದರೂ ತಳಹದಿಗಳು ಬೇರೆ. ಪೌಲನು ದೇಹವನ್ನು ಗುಡಿಯೆಂದದ್ದು ಪವಿತ್ರಾತ್ಮರು ಅಲ್ಲಿ ನೆಲೆಸಿರುವುದರಿಂದ, ಬೆಲೆ ತೆತ್ತು ಅದನ್ನು ಕೊಂಡುಕೊಳ್ಳಲಾಗಿರುವುದರಿಂದ. ಈ ಅಂತರವನ್ನು ಮರೆಮಾಚಿದರೆ ಶರಣರಿಗೂ ಅನ್ಯಾಯ, ಪ್ರೇಷಿತನಿಗೂ ಅನ್ಯಾಯ.

ಮುಂದೆ ಇಳಕಲ್ಲು. ಇಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕಾಯಕವೆಂಬುದನ್ನು ವಿವರಿಸಲು ಆ ಮಗ್ಗದ ಮುಂದೆ ಅರ್ಧ ಗಂಟೆ ಕುಳಿತರೆ ಸಾಕು. ಇದೇ ಊರಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಮನೆಮನೆಗೆ ಹೋಗಿ ಅವರು ಬೇಡಿದ್ದು ಕಾಳನ್ನೂ ಅಲ್ಲ, ಕಾಸನ್ನೂ ಅಲ್ಲ. ಕುಡಿತ ಮೊದಲಾದ ದುಶ್ಚಟಗಳನ್ನು. ಪಾಪನಿವೇದನೆಯ ಸಂಸ್ಕಾರ ಇದಕ್ಕಿಂತ ಭಿನ್ನ. ಅಲ್ಲಿ ಕ್ಷಮಿಸುವವರು ದೇವರು. ಆದರೂ ಯಾಜಕರಾದ ನಾವು ಜನರ ಬಾಗಿಲಲ್ಲಿ ಏನನ್ನು ಕೇಳುತ್ತ ನಿಂತಿದ್ದೇವೆ ಎಂಬ ಪ್ರಶ್ನೆಯನ್ನು ಆ ಜೋಳಿಗೆ ನಮ್ಮ ಮುಂದಿಡುತ್ತದೆ. ಕುಡಿತದಿಂದ ಒಡೆದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ.

ಪಯಣ ಮುಗಿಯುವುದು ಹೊರಟ ಊರಿನಲ್ಲಿಯೇ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು; ಮನೆ ಕಳೆದುಕೊಂಡವರಿಗಾಗಿ ನವನಗರ ಎದ್ದಿತು. ಗುಹೆಗಳಿಗೂ ಗುಡಿಗಳಿಗೂ ಪಾಲಕರಿದ್ದಾರೆ. ದೇಹವೇ ಗುಡಿಯೆಂಬುದು ನಿಜವಾದರೆ, ನೆಲೆ ತಪ್ಪಿದ ಈ ಜನರೂ ನಾವು ಗಮನವಿಟ್ಟು ನೋಡಬೇಕಾದ ಪವಿತ್ರ ಸ್ಥಳವೇ. ಪೌಲನ ನೋಟವನ್ನು ಕಲಿತವನಿಗೆ ಮೂರನೆಯ ದಿನದ ಪಯಣ ಅವರ ಮನೆಗಳಿಗೆ.