ಕೆಂಡದ ಮೇಲಿನ ಕಾಯಿಪಲ್ಯ: ಶಾಕಾಹಾರಿಗಳ ಹಾಟ್ ಡಾಗ್

ಒಂದೇ ಸಾಲಿನಲ್ಲಿ ಕುಳಿತವರೊಳಗೆ ಒಬ್ಬರಿಗೆ ಒಂದು ಬಗೆ, ಮತ್ತೊಬ್ಬರಿಗೆ ಇನ್ನೊಂದು ಬಗೆ ಬಡಿಸುವುದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಕರೆದು, ಆತಿಥ್ಯಕ್ಕೆ ಅದೊಂದು ದೋಷವೆಂದು ಎಣಿಸಿದರು. ಬಡಿಸುವವರ ಮನಸ್ಸಿನಲ್ಲಿ ಭೇದವಿಲ್ಲದೆಯೂ ಈ ದೋಷವು ಸಂಭವಿಸುವುದುಂಟು. ಅಮೇರಿಕ ದೇಶದ ಹಿತ್ತಿಲಿನ ಔತಣಗಳಲ್ಲಿ ಅದು ಒದಗುವ ರೀತಿಯನ್ನೂ, ಅದಕ್ಕೆ ಅಡಿಗೆಯಿಂದಲೇ ದೊರೆಯುವ ಪರಿಹಾರವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರತಿವರ್ಷವೂ ಜುಲೈ 4ರಂದು ಅಮೇರಿಕನರು ತಮ್ಮ ಸ್ವಾತಂತ್ರ್ಯೋತ್ಸವವನ್ನು ಆಚರಿಸುತ್ತಾರೆ. ಅಂದು ಹಿತ್ತಿಲಿನಲ್ಲಿ ಇದ್ದಿಲಿನ ಒಲೆಯನ್ನು ಹೊತ್ತಿಸಿ, ಕಬ್ಬಿಣದ ಸರಳುಗಳ ಮೇಲೆ ಆಹಾರವನ್ನು ಸುಟ್ಟು, ನೆರೆಹೊರೆಯವರೊಡನೆ ಉಣ್ಣುವುದು ವಾಡಿಕೆ. ಆ ಊಟದಲ್ಲಿ ಪ್ರಸಿದ್ಧವಾದುದು ಹಾಟ್ ಡಾಗ್. ನೀಳವಾದ ಮೆತ್ತನೆಯ ಬನ್ನನ್ನು ಸೀಳಿ, ಅದರೊಳಗೆ ಸಾಸೇಜ್ ಎಂಬ ಮಾಂಸದ ಸುರುಳಿಯನ್ನಿಟ್ಟು, ಅರೆದ ಸಾಸಿವೆಯನ್ನು ಸವರಿ ಕೊಡುವ ತಿನಿಸು ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ವಲಸೆ ಬಂದವರು ಈ ಸಾಸೇಜನ್ನು ಅಲ್ಲಿಗೆ ತಂದರು. ‘ಬಿಸಿ ನಾಯಿ’ ಎಂಬರ್ಥದ ಹೆಸರು 1890ರ ದಶಕದ ಪತ್ರಿಕೆಗಳಲ್ಲಿ ಪರಿಹಾಸಕ್ಕಾಗಿ ಬಳಕೆಗೆ ಬಂದು, ಪರಿಹಾಸವು ಮರೆತ ಮೇಲೆಯೂ ಉಳಿದುಕೊಂಡಿತು. ಆದಕಾರಣ ಹೆಸರನ್ನು ಕೇಳಿ ಯಾರೂ ಬೆದರಬೇಕಾದುದಿಲ್ಲ.

ಅಲ್ಲಿ ನೆಲಸಿರುವ ಕನ್ನಡಿಗರಲ್ಲಿ ಶಾಕಾಹಾರಿಗಳು ಅನೇಕರು. ಅವರ ಮಕ್ಕಳು ಸಹಪಾಠಿಗಳ ಮನೆಗೆ ಹೋದಾಗ, ಆತಿಥೇಯರು ಒಳ್ಳೆಯ ಮನಸ್ಸಿನಿಂದಲೇ ಬರಿಯ ಬನ್ನನ್ನೂ ಒಂದು ಹಿಡಿ ಆಲೂಗೆಡ್ಡೆಯ ಚಿಪ್ಸನ್ನೂ ಕೊಡುವುದುಂಟು. ಬಹುಕಾಲ ಪಾಠಶಾಲೆಯಲ್ಲಿ ಕಳೆದವನಾದ ನಾನು ಒಂದು ಸಂಗತಿಯನ್ನು ಬಲ್ಲೆ: ತನ್ನ ಬುತ್ತಿ ಇತರರ ಬುತ್ತಿಯಂತಿಲ್ಲದ ಮಗುವು ಗೋಡೆಯ ಕಡೆಗೆ ತಿರುಗಿ ಉಣ್ಣುತ್ತದೆ. ಹಸಿವಿಗಿಂತಲೂ ಹೆಚ್ಚಾಗಿ ಅದನ್ನು ಬಾಧಿಸುವುದು ತಾನು ಹೊರಗಿನವನೆಂಬ ಭಾವನೆ. ಎಲ್ಲರಂತೆ ತನ್ನ ಕೈಯಲ್ಲಿಯೂ ತುಂಬಿದ ಬನ್ನು ಇದ್ದರೆ ಆ ಭಾವನೆ ಬಾರದು. ಮನೆಯ ಆಹಾರನಿಯಮವೂ ಕೆಡದು.

ಮಾಂಸವಿಲ್ಲದ ಸಾಸೇಜಿನ ಪ್ರಯತ್ನ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಕಾಲದ ಆಹಾರಾಭಾವದಲ್ಲಿ, ಕಲೋನ್ ನಗರಾಡಳಿತದ ಹೊಣೆ ಹೊತ್ತಿದ್ದ ಕಾನ್ರಾಡ್ ಆಡೆನೌವರ್ ಅವರು ಸೋಯಾ ಹಿಟ್ಟಿನ ಸಾಸೇಜನ್ನು ಕಲ್ಪಿಸಿ, 1918ರಲ್ಲಿ ಬ್ರಿಟನ್ನಿನ ಪೇಟೆಂಟನ್ನು ಪಡೆದರು. ಇವರೇ 1949ರಲ್ಲಿ ಪಶ್ಚಿಮ ಜರ್ಮನಿಯ ಪ್ರಥಮ ಚಾನ್ಸಲರ್ ಆದವರು. ಇಂದು ಅಂಗಡಿಗಳಲ್ಲಿಯೂ ಅಂಥ ಸಾಸೇಜುಗಳು ದೊರೆಯುತ್ತವೆ. ಆದರೆ ಅವುಗಳಲ್ಲಿ ಅನೇಕವು ಮಾಂಸದ ರುಚಿಯನ್ನು ಅನುಕರಿಸುವಂಥವು. ಮಾಂಸವನ್ನು ಎಂದೂ ಸವಿಯದವನಿಗೆ ಆ ಅನುಕರಣದಿಂದ ಪ್ರಯೋಜನವೇನು? ನಮಗೆ ಬೇಕಾದುದು ಕೆಂಡದ ರುಚಿ. ಅದು ಕಾಯಿಪಲ್ಯಕ್ಕೂ ಹತ್ತುತ್ತದೆಂಬುದನ್ನು, ಬದನೆಕಾಯಿಯನ್ನು ಸುಟ್ಟು ಗೊಜ್ಜು ಮಾಡುವ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಿಲ್ಲ.

ಇದರ ಮರ್ಮವೆಲ್ಲ ನೀರಿನಲ್ಲಿದೆ. ಇಂಥ ಕಾಯಿಪಲ್ಯಗಳಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. ಮೇಲ್ಮೈ ಒದ್ದೆಯಾಗಿರುವ ತನಕ ಅದರ ಶಾಖವು ನೀರು ಕುದಿಯುವ 100 ಡಿಗ್ರಿಯನ್ನು ಮೀರುವುದಿಲ್ಲ. ಹೊಂಬಣ್ಣವೂ ಸುಟ್ಟ ಪರಿಮಳವೂ ಚೆನ್ನಾಗಿ ಹುಟ್ಟಲು ಸುಮಾರು 140 ಡಿಗ್ರಿ ಬೇಕು. ಆದುದರಿಂದ ಮೊದಲು ಒರೆಸುವುದು, ಅನಂತರ ಎಣ್ಣೆ ಸವರುವುದು, ಆಮೇಲೆ ಸುಡುವುದು, ಈ ಕ್ರಮವನ್ನು ತಪ್ಪಿಸಬಾರದು. ಉರಿಯಡಗಿ ಕೆಂಡದ ಮೇಲೆ ಬೂದಿ ಕವಿದಾಗ ಸುಡತಕ್ಕದ್ದು. ಜ್ವಾಲೆಯಿದ್ದರೆ ಹೊರಗೆ ಕರಿಕಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಸಾಸೇಜಿನ ಸ್ಥಾನಕ್ಕೆ ತಕ್ಕದ್ದು ಗಜ್ಜರಿ, ಎಂದರೆ ಕ್ಯಾರೆಟ್ಟು. ಹೆಬ್ಬೆರಳಿನ ಗಾತ್ರದ ನಾಲ್ಕು ಗಜ್ಜರಿಗಳ ಸಿಪ್ಪೆ ಹೆರೆದು, ಬನ್ನಿನ ಉದ್ದಕ್ಕೆ ಕತ್ತರಿಸಿ, ಉಪ್ಪುನೀರಿನಲ್ಲಿ 8ರಿಂದ 10 ನಿಮಿಷ ಬೇಯಿಸಬೇಕು. ಚಾಕುವಿನ ಮೊನೆ ಇಳಿಯಬೇಕು. ಆದರೆ ಎತ್ತಿದರೆ ಬಳುಕಬಾರದು. 2 ದೊಡ್ಡ ಚಮಚ ಸೋಯಾ ಸಾಸ್, 1 ದೊಡ್ಡ ಚಮಚ ವಿನಿಗರ್, 1 ಚಮಚ ಬೆಲ್ಲದ ಪುಡಿ, ಅರ್ಧ ಚಮಚ ಮೆಣಸಿನ ಪುಡಿ, ಜಜ್ಜಿದ 2 ಎಸಳು ಬೆಳ್ಳುಳ್ಳಿ, ಅರ್ಧ ಬಟ್ಟಲು ನೀರು, ಇವನ್ನು ಕಲಸಿ, ಗಜ್ಜರಿಯನ್ನು ಅದರಲ್ಲಿ ನೆನೆಯಿಸಿ ರಾತ್ರಿ ಫ್ರಿಜ್ಜಿನಲ್ಲಿಡಬೇಕು. ಬೆಳ್ಳುಳ್ಳಿ ಒಲ್ಲದವರು ಇಂಗನ್ನು ಹಾಕಬಹುದು. ಮರುದಿನ ಒರೆಸಿ, ಎಣ್ಣೆ ಸವರಿ, ಹೊರಳಿಸುತ್ತ 8ರಿಂದ 10 ನಿಮಿಷ ಸುಟ್ಟರೆ ಸಾಕು.

ಜೊತೆಗೆ ಬದನೆಯನ್ನೂ ಜುಕೀನಿಯನ್ನೂ ಅರ್ಧ ಅಂಗುಲ ದಪ್ಪಕ್ಕೆ ಉದ್ದವಾಗಿ ಸೀಳಿ, ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ಬಿಟ್ಟ ನೀರನ್ನು ಒರೆಸಿ ಸುಡಬೇಕು. ದೊಣ್ಣೆ ಮೆಣಸಿನಕಾಯಿಯನ್ನು ಇಡಿಯಾಗಿ ಸುಟ್ಟು 10 ನಿಮಿಷ ಮುಚ್ಚಿಟ್ಟರೆ, ಹಬೆಗೆ ಸಿಪ್ಪೆಯು ಸಡಿಲವಾಗುತ್ತದೆ. ಈರುಳ್ಳಿಯ ಬಿಲ್ಲೆಗಳು ಬಿಡಿಬಿಡಿಯಾಗದಂತೆ, ನೀರಿನಲ್ಲಿ ನೆನೆದ ಬಿದಿರುಕಡ್ಡಿಯನ್ನು ಚುಚ್ಚಬೇಕು. ಶೂಲಕ್ಕೆ ಚುಚ್ಚಿ ಸುಟ್ಟ ಮಾಂಸಕ್ಕೆ ಅಮರಕೋಶದಲ್ಲಿ ‘ಶೂಲ್ಯ’ವೆಂಬ ಹೆಸರುಂಟು, ಆದರೆ ಶೂಲವು ಈರುಳ್ಳಿಯನ್ನು ಬೇಡವೆನ್ನುವುದಿಲ್ಲ!

ಬನ್ನಿನ ಒಳಮೈಯನ್ನು ಅರೆನಿಮಿಷ ಕೆಂಡಕ್ಕೆ ಹಿಡಿದರೆ ರಸಕ್ಕೆ ನೆನೆದು ಮುದ್ದೆಯಾಗದು. ಕೆಳಗೆ ಬದನೆ, ಅದರ ಮೇಲೆ ಗಜ್ಜರಿ, ಪಕ್ಕದಲ್ಲಿ ಉಳಿದವು, ಕೊನೆಗೆ ಸಾಸಿವೆ. ಷಿಕಾಗೋ ನಗರದ ಪದ್ಧತಿಯಂತೆ ಟೊಮೇಟೋ, ಹಸಿ ಈರುಳ್ಳಿ, ಸೌತೆಯ ಉಪ್ಪಿನಕಾಯಿ, ಮೆಣಸಿನಕಾಯಿಗಳನ್ನೂ ಸೇರಿಸಬಹುದು. ಆ ಪದ್ಧತಿಯಲ್ಲಿ ಸಾಸೇಜೊಂದನ್ನು ಬಿಟ್ಟರೆ ಬನ್ನಿನ ಮೇಲೆ ಹಾಕುವುದೆಲ್ಲವೂ ಶಾಕವೇ.

ಕೆಲವು ಎಚ್ಚರಿಕೆಗಳು ಅವಶ್ಯಕ. ಸುಡುವ ಪದಾರ್ಥಗಳಿಗೆ ಸವರುವ ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಮೀನು ಇರುತ್ತದೆ. ಕೆಲವು ಬನ್ನುಗಳಲ್ಲಿ ಮೊಟ್ಟೆಯೂ ಉಂಟು. ಚೀಟಿಯನ್ನು ಓದಿಯೇ ಕೊಳ್ಳತಕ್ಕದ್ದು. ಒಲೆಯು ಒಂದೇ ಆಗಿದ್ದರೆ, ಮಾಂಸವನ್ನಿಡುವುದಕ್ಕೆ ಮೊದಲೇ ಕಾಯಿಪಲ್ಯವನ್ನು ಚೊಕ್ಕಟವಾದ ತಟ್ಟೆಯಲ್ಲಿಟ್ಟು ಸುಡಬೇಕು. ಇಕ್ಕಳವನ್ನೂ ಬೇರೆಯಾಗಿ ಇಟ್ಟುಕೊಳ್ಳಬೇಕು. ಇದನ್ನು ಆತಿಥೇಯರಿಗೆ ಮುಂಚಿತವಾಗಿ ವಿನಯದಿಂದ ತಿಳಿಸಿದರೆ ಯಾರೂ ಬೇಸರಿಸುವುದಿಲ್ಲ.

ಮಗುವನ್ನು ಔತಣಕ್ಕೆ ಕಳುಹಿಸುವ ತಾಯಂದಿರಿಗೆ ಕಡೆಯದಾಗಿ ಒಂದು ಸೂಚನೆ. ನೆನೆಯಿಸಿದ ಗಜ್ಜರಿಯನ್ನು ಡಬ್ಬಿಯಲ್ಲಿ ಹಾಕಿಕೊಡುವಾಗ ಲೆಕ್ಕಕ್ಕಿಂತ ನಾಲ್ಕು ಹೆಚ್ಚಾಗಿಯೇ ಇರಲಿ. ಕೆಂಡದ ಪರಿಮಳಕ್ಕೆ ಪಕ್ಕದ ಮಕ್ಕಳೂ ಕೈಚಾಚುವರು. ಆಗ ಬಡಿಸುವ ಸರದಿ ನಮ್ಮ ಮಗುವಿನದಾಗುತ್ತದೆ.