1918: ಮೈಸೂರು ಕೇಳಿದ ಅರ್ಹತೆಯ ಪ್ರಶ್ನೆ

ಅರ್ಹತೆ ಇದ್ದವರಿಗೇ ಕೆಲಸ.
ಇದರಲ್ಲಿ ತಪ್ಪೇನಿದೆ ಅಂತೀರಾ?

1918ರ ಮೈಸೂರಿಗೆ ಬನ್ನಿ.
ಸರ್ಕಾರಿ ಕಚೇರಿಗಳ ದೊಡ್ಡ ಕುರ್ಚಿಗಳಲ್ಲಿ ಹೆಚ್ಚಿನವರು ಬ್ರಾಹ್ಮಣರು.
ರಾಗಿ ಬೆಳೆದು ಕಂದಾಯ ಕಟ್ಟುವವರ ಮಕ್ಕಳು ಅಲ್ಲಿ ಬೆರಳೆಣಿಕೆಯಷ್ಟು.

ಪರೀಕ್ಷೆ ಎಲ್ಲರಿಗೂ ಒಂದೇ, ನಿಜ.
ಆದ್ರೆ ಬಾವಿ ಊರಿನದು,
ಹಗ್ಗ ಮಾತ್ರ ಕೆಲವೇ ಮನೆಗಳದ್ದು ಅಂದ್ರೆ,
ನೀರು ಯಾರಿಗೆ ಸಿಗುತ್ತೆ ಹೇಳಿ?

ಬ್ರಾಹ್ಮಣೇತರರ ಸಂಘಟನೆ ಪ್ರಜಾಮಿತ್ರ ಮಂಡಳಿ, ಸರ್ಕಾರಿ ಕೆಲಸದಲ್ಲಿ ಪಾಲು ಕೇಳಿ ಮಹಾರಾಜರಿಗೆ ಮನವಿ ಕೊಟ್ಟಿತು.
ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಇದನ್ನು ಪರಿಶೀಲಿಸೋಕೆ ಮಿಲ್ಲರ್ ಸಮಿತಿ ನೇಮಿಸಿದರು.

ಹೀಗೆ ಹುದ್ದೆ ಹಂಚೋದನ್ನು ದಿವಾನ್ ವಿಶ್ವೇಶ್ವರಯ್ಯ ಒಪ್ಪಲಿಲ್ಲ.
ಆಡಳಿತದ ದಕ್ಷತೆ ಕುಸಿಯುತ್ತೆ ಅನ್ನೋದು ಅವರ ಆತಂಕ.
ಹುದ್ದೆಯನ್ನೇ ಬಿಟ್ಟರು.
ಅವರ ಪ್ರಾಮಾಣಿಕತೆ ಬಗ್ಗೆ ಎರಡು ಮಾತಿಲ್ಲ.
ಈ ವಿಷಯದಲ್ಲಿ ಮಾತ್ರ ಮಹಾರಾಜರೇ ಸರಿ.

ಸಮಿತಿ ಹೇಳಿದ್ದಿಷ್ಟು:
7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ,
ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು,
ಹಿಂದುಳಿದವರಿಗೆ.

ಇದನ್ನು ಜಾರಿಗೆ ತರೋಕೆ 1921ರಲ್ಲಿ ಸರ್ಕಾರಿ ಆದೇಶ ಹೊರಟಿತು.
ಸಂವಿಧಾನ ಜಾರಿಗೆ ಬರೋಕೆ ಇನ್ನೂ 29 ವರ್ಷ ಇತ್ತು.